ಹೈ-ಎಂಡ್ ಸಿಡಿ ಪ್ಲೇಯರ್: ಹೊಸದಾ, ಸೆಕೆಂಡ್ ಹ್ಯಾಂಡಾ? ಮೊದ್ಲು ಲೇಸರ್ ವಿಚಾರಿಸಿ

ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಹೈ-ಎಂಡ್ ಪ್ಲೇಯರ್‌ನ ನಾನು ತಗೊಂಡಿದ್ದು ಅದರ ತೂಕ ನೋಡಿ. ನಿಜ ಹೇಳ್ತೀನಿ, ಅಷ್ಟೇ ಕಾರಣ. ಒಬ್ಬರೇ ಎತ್ತಿದ್ರೆ ಸೊಂಟ ಹಿಡ್ಕೊಳೋ ಅಷ್ಟು ಭಾರ, ಮುಂದೆ ದಪ್ಪ ಅಲ್ಯೂಮಿನಿಯಂ, ಟ್ರೇ ಸದ್ದೇ ಇಲ್ದೆ ಮೆಲ್ಲಗೆ ಹೊರಗೆ ಬರೋದು. ಮಾರೋರು ಒಂದು ಸಿಡಿ ಹಾಕಿ ಮೊದಲ ಎರಡು ಹಾಡು ಕೇಳ್ಸಿದ್ರು, ನಾನು ಕಣ್ಣು ಮುಚ್ಕೊಂಡು ತಲೆ ಆಡಿಸ್ದೆ, ದುಡ್ಡು ಕೊಟ್ಟು ಹೊತ್ಕೊಂಡ್ ಬಂದೆ. ಮೂರನೇ ದಿನ 70 ನಿಮಿಷ ದಾಟೋ ಒಂದು ಡಿಸ್ಕ್ ಹಾಕ್ದೆ, ಕೊನೇ ಟ್ರ್ಯಾಕ್ ಹತ್ರ ಬರ್ತಿದ್ದ ಹಾಗೆ ಟಕ್ ಟಕ್ ಟಕ್ ಅಂತ ಶುರು. ಇನ್ನೊಂದು ತಿಂಗಳಲ್ಲಿ ಡಿಸ್ಕ್ ಹಾಕಿದ್ರೆ ಡಿಸ್ಕೇ ಇಲ್ಲ ಅಂತ ಡಿಸ್‌ಪ್ಲೇ ಮೇಲೆ ಬರೋಕೆ ಶುರುವಾಯ್ತು.

ರಿಪೇರಿಯವರು ಮುಚ್ಚಳ ತೆಗೆದು, ಲೇಸರ್ ಪಕ್ಕದಲ್ಲಿ ಬೆಂಕಿಕಡ್ಡಿ ತಲೆಗಿಂತ ಚಿಕ್ಕದಾಗಿರೋ ಒಂದು ಪ್ರೀಸೆಟ್ (ಲೇಸರ್‌ಗೆ ಹೋಗೋ ಕರೆಂಟ್ ಹೆಚ್ಚು-ಕಮ್ಮಿ ಮಾಡೋ ತಿರುಪು) ಮೇಲೆ ಟಾರ್ಚ್ ಬಿಟ್ರು. ಅದರ ಮೇಲೆ ಫ್ಯಾಕ್ಟರಿಯವರು ಹಚ್ಚಿದ್ದ ಬಣ್ಣದ ಚುಕ್ಕೆ ಒಡೆದಿತ್ತು. "ನೋಡಿ ಸಾರ್, ಇದನ್ನ ಯಾರೋ ಮುಂಚೇನೇ ತಿರುಗ್ಸಿದಾರೆ. ಲೇಸರ್ ವೀಕ್ ಆಗಿತ್ತು, ಕರೆಂಟ್ ಜಾಸ್ತಿ ಕೊಟ್ಟು ನಾಲ್ಕು ದಿನ ಓಡೋ ಹಂಗೆ ಮಾಡಿ ನಿಮ್ ಕೈಗೆ ಕೊಟ್ಟವ್ರೆ." ಹೊಸ ಲೇಸರ್ ಹಾಕೋಣ ಅಂದ್ರೆ ಆ ಮೆಕ್ಯಾನಿಸಂ ತಯಾರಾಗೋದು ನಿಂತೇ ಎಷ್ಟೋ ವರ್ಷ ಆಗಿತ್ತು. ಅಲ್ಲಿಗೆ ಕಥೆ ಮುಗೀತು.

ಅದಕ್ಕೇ ಯಾರಾದ್ರೂ ಹೊಸದು ತಗೋಳ್ಲಾ ಹಳೇದು ತಗೋಳ್ಲಾ ಅಂತ ಕೇಳಿದ್ರೆ ನಾನು ಸೌಂಡ್ ಬಗ್ಗೆ ಮಾತೇ ಎತ್ತಲ್ಲ. ಆ ಪ್ಲೇಯರ್‌ನ ಲೇಸರ್ ಹೋದ್ರೆ ಇನ್ನೊಂದು ಸಿಗತ್ತಾ, ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಮುಕ್ಕಾಲು ತೀರ್ಮಾನ ಆದಂಗೆ. ಹೆಂಗೆ ಅಂತ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಎಷ್ಟು ಕೇಳ್ತೀರಾ, ಯಾವ ಡಿಸ್ಕ್ ಇವೆ

ಇದಕ್ಕೆ ಐದು ನಿಮಿಷ ಸಾಕು. ಬರೀ ಮಾಮೂಲಿ ಸಿಡಿಗಳಾ, ಎಸ್‌ಎಸಿಡಿ (ಸೂಪರ್ ಆಡಿಯೋ ಸಿಡಿ, ಸಂಗೀತ ಇನ್ನೂ ಹೆಚ್ಚು ವಿವರವಾಗಿ ತುಂಬಿರೋ ಡಿಸ್ಕ್) ಕೂಡ ಇವೆಯಾ, ಮನೇಲಿ ಬರ್ನ್ ಮಾಡಿದ ಡಿಸ್ಕ್‌ಗಳಿವೆಯಾ ಅಂತ ಬರ್ಕೊಳಿ. ಎಸ್‌ಎಸಿಡಿ ಬಂದಿದ್ದು 1999ರಲ್ಲಿ, ಅದಕ್ಕಿಂತ ಹಳೇ ಪ್ಲೇಯರ್ ಯಾವುದೂ ಎಸ್‌ಎಸಿಡಿ ಲೇಯರ್ ಓದಲ್ಲ, ಎರಡೂ ಲೇಯರ್ ಇರೋ ಹೈಬ್ರಿಡ್ ಡಿಸ್ಕ್ ಆದ್ರೆ ಅದರ ಸಿಡಿ ಲೇಯರ್ ಮಾತ್ರ ಓದತ್ತೆ. ರೀರೈಟಬಲ್ ಡಿಸ್ಕ್ ಇದ್ರೆ ಇನ್ನೂ ಹುಷಾರು, ಅವು ಬೆಳಕನ್ನ ವಾಪಸ್ ಕಳ್ಸೋದೇ ತುಂಬ ಕಮ್ಮಿ, 80-90ರ ದಶಕದ ಎಷ್ಟೋ ಒಳ್ಳೊಳ್ಳೆ ಪ್ಲೇಯರ್‌ಗಳು ಅವನ್ನ ಮುಟ್ಟೋದೇ ಇಲ್ಲ, ಅವು ಕೆಟ್ಟಿವೆ ಅಂತಲ್ಲ, ಹುಟ್ಟಿದ್ದೇ ಹಂಗೆ.

ದಿನಾ ಮೂರ್ನಾಲ್ಕು ಗಂಟೆ ಕೇಳೋರಿಗೂ ಭಾನುವಾರ ಒಂದು ಡಿಸ್ಕ್ ಕೇಳೋರಿಗೂ ಒಂದೇ ಸಲಹೆ ಕೊಡಕ್ಕಾಗಲ್ಲ. ಲೇಸರ್ ಡಯೋಡ್ ಉರಿದಷ್ಟೂ ಸವೆಯತ್ತೆ. ದಿನಾ ಕೇಳೋರು ಹೊಸದರ ಕಡೆ ವಾಲೋದು ಒಳ್ಳೇದು ಅನ್ಸತ್ತೆ ನಂಗೆ.

ಹೆಜ್ಜೆ 2: ಮಾಡೆಲ್ ಹೆಸರು ಪಕ್ಕಕ್ಕಿಡಿ, ಮೆಕ್ಯಾನಿಸಂ ಹೆಸರು ಹುಡುಕಿ

ಇದೇ ಮುಖ್ಯವಾದ್ದು, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಸಿಡಿ ಪ್ಲೇಯರ್ ಅಂದ್ರೆ ಒಳಗೆ ಎರಡು ಬೇರೆ ಬೇರೆ ಪ್ರಪಂಚ. ಒಂದು ಡಿಸ್ಕ್ ತಿರುಗಿಸಿ ಓದೋ ಭಾಗ, ಮೆಕ್ಯಾನಿಸಂ ಅನ್ನೋದು ಇದನ್ನೇ: ಮೋಟಾರು, ಲೇಸರ್ ಪಿಕಪ್ (ಲೇಸರ್ ಲೆನ್ಸ್ ಎಲ್ಲ ಸೇರಿರೋ ಓದೋ ತಲೆ), ಅದು ಜಾರೋ ಕಂಬಿ, ಟ್ರೇ ಬೆಲ್ಟ್. ಇನ್ನೊಂದು ಓದಿದ್ದನ್ನ ಸಂಗೀತ ಮಾಡೋ ಭಾಗ, ಡ್ಯಾಕ್ ಚಿಪ್ಪು (ಡಿಜಿಟಲ್ ಅಂಕಿಗಳನ್ನ ಸದ್ದಿನ ಸಿಗ್ನಲ್ ಮಾಡೋದು), ಪವರ್ ಸಪ್ಲೈ, ಔಟ್‌ಪುಟ್ ಸರ್ಕ್ಯೂಟು. ಎರಡನೇದು ಹಾಳಾದ್ರೆ ಒಬ್ಬ ಒಳ್ಳೆ ಟೆಕ್ನಿಷಿಯನ್ ಹೆಂಗಾದ್ರೂ ಮಾಡಿ ಸರಿ ಮಾಡ್ತಾನೆ, ಕೆಪಾಸಿಟರ್ ಎಲ್ಲ ಕಡೆ ಸಿಗತ್ತೆ. ಮೊದಲನೇದು ಹಾಳಾದ್ರೆ ಪಾರ್ಟ್ ಇದ್ರೆ ಉಂಟು, ಇಲ್ದಿದ್ರೆ ಅದು 15 ಕೆಜಿ ಪೇಪರ್‌ವೇಟು. ಜನ ಮಾತ್ರ ಮುಗಿಬಿದ್ದು ಚರ್ಚೆ ಮಾಡೋದು ಎರಡನೇದರ ಬಗ್ಗೆ, ಟಿಡಿಎ1541ಎ ಇದೆಯಾ, ಪಿಸಿಎಂ63 ಇದೆಯಾ, ಪಿಸಿಎಂ1704 ಇದೆಯಾ ಅಂತ. ಒಳ್ಳೆ ಚಿಪ್‌ಗಳೇ, ಬೇಡ ಅನ್ನಲ್ಲ, ಆದ್ರೆ ಡಿಸ್ಕ್ ಓದ್ದೇ ಇದ್ರೆ ಚಿಪ್ಪು ತಗೊಂಡು ಏನ್ ಮಾಡ್ತೀರಾ?

ಹಾಗಾಗಿ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ ಪಿಕಪ್ ನಂಬರ್ ಬರ್ಕೊಳಿ. ಫಿಲಿಪ್ಸ್ ಮಾಡ್ತಿದ್ದ ಹಳೇ ಸ್ವಿಂಗ್ ಆರ್ಮ್ ಮೆಕ್ಯಾನಿಸಂಗಳು, ಸಿಡಿಎಂ-1 ಸಿಡಿಎಂ-2 ಸಿಡಿಎಂ-4 ಅಂತ, ಮಹಾ ಗಟ್ಟಿ. ಲೇಸರ್ ಕಂಬಿ ಮೇಲೆ ಜಾರೋದಿಲ್ಲ, ರೆಕಾರ್ಡ್ ಪ್ಲೇಯರ್ ತೋಳಿನ ಥರ ಓಲಾಡತ್ತೆ, ಸವೆಯೋ ಹಲ್ಲು-ಗಿಲ್ಲು ಇಲ್ಲ, ಸಿಡಿಎಂ-1ಗೆ ಗಾಜಿನ ಲೆನ್ಸು ಬೇರೆ. ಅದಕ್ಕೇ 80ರ ದಶಕದ ಕೆಲವು ಪ್ಲೇಯರ್‌ಗಳು ಇವತ್ತಿಗೂ ಓಡ್ತಿವೆ. ಆದ್ರೆ ಹೊಸದಾಗಿ ಯಾರೂ ಮಾಡ್ತಿಲ್ಲ, ಹೋದ್ರೆ ಇನ್ನೊಂದು ಹಳೇ ಪ್ಲೇಯರ್ ಬಿಚ್ಚಿ ತೆಗೀಬೇಕು. ಆಮೇಲೆ ಬಂದ ಸಿಡಿ-ಪ್ರೋ2 ಅನ್ನೋದನ್ನ ತುಂಬ ದುಬಾರಿ ಪ್ಲೇಯರ್‌ಗಳಲ್ಲಿ ಹಾಕಿದಾರೆ, ಮೇಲಿಂದ ಡಿಸ್ಕ್ ಇಡೋ ಥರದವು ಅನೇಕ, ಅದೂ ನಿಂತು ಹೋಯ್ತು. ಇನ್ನೊಂದ್ ಕಡೆ ಸೋನಿಯ ಕೆಎಸ್‌ಎಸ್-213 ಥರದ ಪಿಕಪ್‌ಗಳು ಕೋಟಿಗಟ್ಟಲೆ ಸಾಮಾನ್ಯ ಸೆಟ್‌ಗಳಿಗೆ ಹೋಗೋ ಅಂಥವು, ಅದರ ನಕಲುಗಳೂ ಸೇರಿ ಇವತ್ತಿಗೂ ಸಲೀಸಾಗಿ ಸಿಗ್ತವೆ. ಸಾನ್ಯೋದ ಎಸ್‌ಎಫ್-ಪಿ101ಎನ್ ಕೂಡ ಹಂಗೇ.

ಇಲ್ಲೊಂದು ತಮಾಷೆ ಇದೆ. ಹೆಸರಾಂತ ಬ್ರಾಂಡಿನ ದುಬಾರಿ ಪ್ಲೇಯರ್ ಒಳಗೆ ಇಂಥ ಮಾಮೂಲಿ ಪಿಕಪ್ ಕಂಡ್ರೆ ಜನ ಮೂಗು ಮುರೀತಾರೆ, ಇಷ್ಟು ರೇಟಿಗೆ ಇದಾ ಅಂತ. ನಾನಾದ್ರೆ ಖುಷಿ ಪಡ್ತೀನಿ. ಇನ್ನು ಹದಿನೈದು ವರ್ಷ ಆದ್ಮೇಲೂ ರಿಪೇರಿ ಆಗೋದು ಅದೇ ಪ್ಲೇಯರು.

ಎಸ್‌ಎಸಿಡಿ ಓದೋ ಪ್ಲೇಯರ್ ಇನ್ನೊಂದು ಜಾತಿ. ಮಾಮೂಲಿ ಸಿಡಿಗೆ 780 ನ್ಯಾನೋಮೀಟರ್ ಲೇಸರ್, ಎಸ್‌ಎಸಿಡಿಗೆ 650. ಎರಡೂ ಇರ್ಬೇಕು, ಅಂದ್ರೆ ಕೆಡೋಕೂ ಎರಡು. ಹಳೇ ಎಸ್‌ಎಸಿಡಿ ಪ್ಲೇಯರ್ ಸಿಡಿ ಚೆನ್ನಾಗಿ ಹಾಡಿ ಎಸ್‌ಎಸಿಡಿ ಹಾಕಿದ್ರೆ ಒದ್ದಾಡೋದು, ಇಲ್ಲ ಇದರ ಉಲ್ಟಾ, ಇವೆಲ್ಲ ಮಾಮೂಲಿ ಕಾಯಿಲೆ. ಎಸ್‌ಎಸಿಡಿ ಬೇಕೇ ಬೇಕು ಅನ್ನೋರಿಗೆ ನನ್ನ ಮಾತು ಹೊಸದೇ ತಗೊಳಿ ಅಂತ. ಮರಾಂಟ್ಜ್, ಡೆನಾನ್, ಲಕ್ಸ್‌ಮನ್, ಆಕ್ಯುಫೇಸ್, ಎಸೋಟೆರಿಕ್ ಇವರೆಲ್ಲ ಇನ್ನೂ ಮಾಡ್ತಿದಾರೆ.

ಹೆಜ್ಜೆ 3: ನಿಜವಾದ ರೇಟು ಲೆಕ್ಕ ಹಾಕಿ

ಕೇಳೋ ರೇಟು ಒಂದು, ನಿಮ್ಮ ಜೇಬಿಂದ ಹೋಗೋದು ಇನ್ನೊಂದು. ಹಳೇ ಪ್ಲೇಯರ್‌ನ ಲೆಕ್ಕ ಹಾಕ್ವಾಗ ಅದರ ಮೇಲೆ ಒಂದು ಹೊಸ ಲೇಸರ್, ಬೆಲ್ಟ್, ಸರ್ವಿಸ್ ಕೂಲಿ, ಹೋಗಿಬರೋ ಸಾಗಾಟ ಇಷ್ಟನ್ನೂ ಈಗ್ಲೇ ಸೇರಿಸ್ಬಿಡಿ, ಈಗ ಕೆಟ್ಟಿಲ್ದಿದ್ರೂ ಸೇರಿಸಿ. ಅದೇ ಮಟ್ಟದ ಹೊಸ ಪ್ಲೇಯರ್ 100 ಅಂತಿಟ್ಕೊಳಿ, ಹಳೇದನ್ನ 45ಕ್ಕೆ ಕೊಡ್ತಿದಾರೆ, ಮೇಲಿನ ಖರ್ಚು 20 ಬಂತು, ಒಟ್ಟು 65. ನನ್ನ ಗೆರೆ ಅಲ್ಲೇ ಇರೋದು, 65 ದಾಟಿದ್ರೆ ನಾನು ಹಳೇದು ಮುಟ್ಟಲ್ಲ, ಯಾಕಂದ್ರೆ ಉಳಿದ 35ಕ್ಕೆ ವಾರಂಟಿ ಮತ್ತೆ ನಿದ್ದೆ ಎರಡೂ ಬರತ್ತೆ. 40ರ ಆಸುಪಾಸಲ್ಲಿ ಮುಗೀತಿದ್ರೆ ಹಳೇದಕ್ಕೆ ನಿಜವಾಗ್ಲೂ ಅರ್ಥ ಇದೆ, ಆ ದುಡ್ಡಿಗೆ ಹೊಸದರಲ್ಲಿ ಅಂಥ ಪವರ್ ಸಪ್ಲೈ ಅಂಥ ಬಾಡಿ ಸಿಗಲ್ಲ.

ಲೇಸರ್ ಎಲ್ಲೂ ಸಿಗಲ್ಲ ಅಂತ ಹೆಜ್ಜೆ 2ರಲ್ಲೇ ಗೊತ್ತಾಗಿದ್ರೆ ಈ ಲೆಕ್ಕಾನೇ ಬೇಡ. ಎಷ್ಟು ಚೀಪ್ ಆದ್ರೂ ಅದು ಷೋಕೇಸಿಗೆ.

ಹೆಜ್ಜೆ 4: ನೋಡೋಕೆ ಹೋಗೋ ಮುಂಚೆ ಫೋಟೋ ತರಿಸ್ಕೊಳಿ

ಮುಚ್ಚಳ ತೆಗೆದ ಫೋಟೋ ಕೇಳಿ. ಕೊಡಲ್ಲ ಅಂದ್ರೆ ಬಿಡಿ, ಬೇರೆ ಪ್ಲೇಯರ್ ಇಲ್ವಾ ಪ್ರಪಂಚದಲ್ಲಿ. ಕೆಪಾಸಿಟರ್ ತಲೆ ಉಬ್ಬಿದ್ಯಾ ನೋಡಿ. ಹಳೇ ಬೋರ್ಡ್‌ಗಳಲ್ಲಿ ಕೆಪಾಸಿಟರ್ ಅಲ್ಲಾಡ್ದೇ ಇರ್ಲಿ ಅಂತ ಹಾಕ್ತಿದ್ದ ಅಂಟು ಕಾಲಕ್ರಮೇಣ ಕಂದು ಬಣ್ಣಕ್ಕೆ ತಿರುಗಿ ಪಕ್ಕದ ಕಾಲುಗಳನ್ನ ತಿನ್ನೋಕೆ ಶುರು ಮಾಡತ್ತೆ, ಅದು ಕಂಡ್ರೆ ಸರ್ವಿಸ್ ಖರ್ಚು ಸ್ವಲ್ಪ ಜಾಸ್ತಿನೇ ಬರ್ಕೊಳಿ. ಒಳಗೆಲ್ಲಾ ಹಳದಿ ಜಿಡ್ಡು ಇದ್ರೆ ಆ ಮನೇಲಿ ಸಿಗರೇಟ್ ಸೇದ್ತಿದ್ರು ಅಂತ, ಅದೇ ಜಿಡ್ಡು ಲೆನ್ಸ್ ಮೇಲೂ ಕೂತಿರತ್ತೆ.

ಹಿಂಬದಿ ಫೋಟೋದಲ್ಲಿ ವೋಲ್ಟೇಜ್ ಓದಿ. ಜಪಾನ್ ಮಾರುಕಟ್ಟೆಗೆ ಅಂತ ಮಾಡಿದ ಸೆಟ್ 100 ವೋಲ್ಟ್‌ದು, ಅದನ್ನ 230 ಇರೋ ಗೋಡೆಗೆ ಸೀದಾ ಚುಚ್ಚಿದ್ರೆ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ರೆ ನಡೆಯತ್ತೆ, ಆದ್ರೆ ಅದೊಂದು ಪೆಟ್ಟಿಗೆ ಪಕ್ಕದಲ್ಲಿ ಯಾವಾಗ್ಲೂ ಗುಂಯ್ ಅಂತಿರೋದು ಎಲ್ಲರಿಗೂ ಇಷ್ಟ ಆಗಲ್ಲ.

ರಿಮೋಟ್ ಇದೆಯಾ ಕೇಳಿ. ಕೆಲವು ಪ್ಲೇಯರ್‌ಗಳಲ್ಲಿ ಫಿಲ್ಟರ್, ಡಿಜಿಟಲ್ ಔಟ್ ಇಂಥವೆಲ್ಲ ರಿಮೋಟಲ್ಲಿ ಮಾತ್ರ. ಮೇಲಿಂದ ಡಿಸ್ಕ್ ಇಡೋ ಮಾಡೆಲ್ ಆದ್ರೆ ಡಿಸ್ಕ್ ಮೇಲೆ ಕೂರಿಸೋ ಮ್ಯಾಗ್ನೆಟ್ ಬಿಲ್ಲೆ ಇದೆಯಾ ಅದನ್ನೂ ಕೇಳಿ, ಅಂಗೈಲಿ ಮುಚ್ಚಿಡೋ ಅಷ್ಟು ಸಣ್ಣ ಸಾಮಾನು, ಎಲ್ಲೋ ಕಳೆದೋಗಿರತ್ತೆ, ಅದಿಲ್ದೆ ಪ್ಲೇಯರ್ ಡಿಸ್ಕ್ ತಿರುಗಿಸೋದೇ ಇಲ್ಲ.

ಹೆಜ್ಜೆ 5: ಎದುರಿಗೆ ಕೂತು ಒಂದು ಗಂಟೆ ಪರೀಕ್ಷೆ

ನಿಮ್ಮದೇ ಡಿಸ್ಕ್‌ಗಳನ್ನ ತಗೊಂಡೋಗಿ. ಮೂರು ಸಾಕು: 74 ನಿಮಿಷ ಅಥವಾ ಜಾಸ್ತಿ ಇರೋ ಉದ್ದದ್ದು, ಸ್ವಲ್ಪ ಗೀರು ಬಿದ್ದಿರೋದು, ಒಂದು ಬರ್ನ್ ಮಾಡಿದ್ದು. ಎಸ್‌ಎಸಿಡಿ ಪ್ಲೇಯರ್ ಆದ್ರೆ ಅದೂ ಒಂದು.

ಯಾಕೆ ಉದ್ದದ್ದು ಅಂದ್ರೆ, ಸಿಡಿ ಒಳಗಿಂದ ಹೊರಗೆ ಓದತ್ತೆ, ರೆಕಾರ್ಡ್‌ನ ಉಲ್ಟಾ. ಒಳಗಡೆ ಓದ್ವಾಗ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗತ್ತೆ, ಹೊರಗೆ ಬರ್ತಾ ಬರ್ತಾ 200ಕ್ಕೆ ಇಳಿಯತ್ತೆ. ಹಾಗಾಗಿ ಮೋಟಾರು ಸುಸ್ತಾಗಿದ್ರೆ ತೊಂದರೆ ಶುರುವಲ್ಲೇ ಕಾಣತ್ತೆ, ಡಿಸ್ಕ್ ಹಾಕಿದ್ಮೇಲೆ ಟ್ರ್ಯಾಕ್ ಎಷ್ಟಿವೆ ಅಂತ ಓದೋಕೇ ಒದ್ದಾಡತ್ತೆ. ಕಂಬಿ ಮೇಲಿನ ಗ್ರೀಸ್ ಗಟ್ಟಿಯಾಗಿದ್ರೆ, ಡಿಸ್ಕ್ ಓಲಾಡ್ತಿದ್ರೆ, ಲೇಸರ್ ಸುಸ್ತಾಗಿದ್ರೆ ಸಾಮಾನ್ಯವಾಗಿ ಕೊನೇ ಟ್ರ್ಯಾಕ್‌ಗಳಲ್ಲಿ ಬಯಲಾಗತ್ತೆ, ಡಿಸ್ಕ್ ಅಂಚಿನಲ್ಲೇ ಓಲಾಟ ಜಾಸ್ತಿ ಇರೋದು. ನನಗೆ ಮೊದಲ ಎರಡು ಹಾಡು ಮಾತ್ರ ಕೇಳ್ಸಿದ್ರು ಅಂದ್ನಲ್ಲ, ಈಗ ಅರ್ಥ ಆಯ್ತಾ.

ಪ್ಲೇಯರ್ ತಣ್ಣಗಿದ್ದಾಗ ಶುರು ಮಾಡಿ, ನೀವು ಬರೋ ಮುಂಚೆನೇ ಆನ್ ಮಾಡಿಟ್ಟಿದ್ರೆ ಅದನ್ನೂ ಮನಸ್ಸಲ್ಲಿಟ್ಕೊಳಿ. ಡಿಸ್ಕ್ ಹಾಕಿ ಸೆಕೆಂಡ್ ಎಣಿಸಿ, ಮೂರರಿಂದ ಏಳೆಂಟು ಸೆಕೆಂಡಲ್ಲಿ ಟ್ರ್ಯಾಕ್ ಲಿಸ್ಟ್ ಬಂದ್ರೆ ಒಳ್ಳೇದು, ಹದಿನೈದು ಇಪ್ಪತ್ತು ಆಗ್ತಿದ್ರೆ ಅನುಮಾನ ಪಡಿ. 1ನೇ ಟ್ರ್ಯಾಕಿಂದ ಕೊನೇದಕ್ಕೆ ಹಾರಿಸಿ, ಕೊನೇದರಿಂದ 1ಕ್ಕೆ, ಹತ್ತು ಸಲ. ಆಮೇಲೆ ಕೊನೇ ಟ್ರ್ಯಾಕ್ ಪೂರ್ತಿ ಕೇಳಿ, ಫಾರ್ವರ್ಡ್ ಮಾಡ್ಬೇಡಿ. ಬಾಯಿ ಮುಚ್ಕೊಂಡು ಕಿವಿ ಪ್ಲೇಯರ್ ಹತ್ರ ಇಟ್ಟು ಮೆಕ್ಯಾನಿಸಂ ಸದ್ದು ಕೇಳಿ, ಚಿರ್ ಚಿರ್ ಅಂತ ಲೆನ್ಸ್ ಚಡಪಡಿಸ್ತಿದ್ರೆ ಅದು ಫೋಕಸ್‌ಗಾಗಿ ಹೋರಾಡ್ತಿದೆ. ಟ್ರೇ ಹತ್ತು ಸಲ ತೆಗೆದು ಹಾಕಿ, ತಡವರಿಸಿದ್ರೆ ಬೆಲ್ಟು, ಅದಕ್ಕೆ ಹೆದರ್ಬೇಡಿ, ಅದು ಚಿಲ್ಲರೆ ಖರ್ಚು, ಚೌಕಾಸಿಗೆ ಒಳ್ಳೆ ನೆಪ ಕೂಡ.

ಗೀರು ಬಿದ್ದ ಡಿಸ್ಕ್ ಹಾಕೋದು ಯಾಕಂದ್ರೆ ಸಿಡಿಯಲ್ಲಿ ತಪ್ಪು ತಿದ್ದೋ ವ್ಯವಸ್ಥೆ ಬಲವಾಗಿದೆ, ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಡೇಟಾ ಹೋದ್ರೂ ಲೆಕ್ಕದಲ್ಲಿ ಪೂರ್ತಿ ವಾಪಸ್ ತರಬಹುದು. ಅಂದ್ರೆ ಸಣ್ಣಪುಟ್ಟ ಗೀರಿಗೆ ಆರೋಗ್ಯವಂತ ಪ್ಲೇಯರ್ ಕ್ಯಾರೇ ಅನ್ನಬಾರದು. ಮನೇಲಿ ಬೇರೆ ಪ್ಲೇಯರಲ್ಲಿ ಓಡೋ ಡಿಸ್ಕ್ ಇಲ್ಲಿ ಎಗರಿದ್ರೆ ಡಿಸ್ಕ್ ಮೇಲೆ ತಪ್ಪು ಹಾಕೋಕೆ ಬಿಡ್ಬೇಡಿ, ಮಾರೋರು ಹಾಕೇ ಹಾಕ್ತಾರೆ.

ಟೆಕ್ನಿಷಿಯನ್ ಜೊತೇಲಿದ್ರೆ ಇನ್ನೂ ಎರಡು ಕೆಲಸ. ಲೇಸರ್ ಪ್ರೀಸೆಟ್ ಮೇಲಿನ ಬಣ್ಣ ಒಡೆದಿದ್ಯಾ ಅಂತ ನೋಡ್ಲಿ. ಸೋನಿಯ ಕೆಲವು ಪಿಕಪ್‌ಗಳ ಸ್ಟಿಕರ್ ಮೇಲೆ ಫ್ಯಾಕ್ಟರಿಲಿ ಅಳೆದ ಕರೆಂಟ್ ಬರ್ದಿರತ್ತೆ, 457 ಅಂತಿದ್ರೆ 45.7 ಮಿಲಿಆಂಪ್. ಈಗಿನ ಅಳತೆ ಅದಕ್ಕಿಂತ ಶೇಕಡ 10ಕ್ಕೂ ಜಾಸ್ತಿ ಮೇಲೆ ಹೋಗಿದ್ರೆ ಲೇಸರ್ ಮುದಿಯಾಗಿದೆ ಅಂತ. ನೀವೇ ಮುಚ್ಚಳ ತೆಗೆದು ಲೆನ್ಸ್ ಒಳಗೆ ಇಣುಕಿ ನೋಡೋ ಸಾಹಸ ಮಾತ್ರ ಬೇಡ, ಆ ಬೆಳಕು ಕಣ್ಣಿಗೆ ಸರಿಯಾಗಿ ಕಾಣಲ್ಲ, ಹಾನಿ ಮಾತ್ರ ಆಗತ್ತೆ.

ಹೆಜ್ಜೆ 6: ಹೊಸದಾದ್ರೆ ಏನ್ ಕೇಳ್ಬೇಕು

ಹೊಸದು ಅಂದ ತಕ್ಷಣ ಕಣ್ಮುಚ್ಚಿ ತಗೊಳೋದು ಅಂತಲ್ಲ. ವಾರಂಟಿ ಎಷ್ಟು ವರ್ಷ, ಲೇಸರ್ ಅದರಲ್ಲಿ ಸೇರಿದ್ಯಾ, ಬೇರೆ ದೇಶದ ಸ್ಟಾಕ್ ಆದ್ರೆ ನಿಮ್ಮಲ್ಲಿ ಸರ್ವಿಸ್ ಕೊಡ್ತಾರಾ, ಮಾಡೆಲ್ ನಿಂತ್ಮೇಲೆ ಎಷ್ಟು ವರ್ಷ ಪಿಕಪ್ ಇಟ್ಟಿರ್ತಾರೆ. ಕೊನೇ ಪ್ರಶ್ನೆಗೆ ಮಾರೋರು ತಡಬಡಾಯಿಸ್ತಾರೆ, ಬರಹದಲ್ಲಿ ಕೇಳಿ. ಕಂಪನಿ ಚಿಕ್ಕದಾಗಿದ್ರೆ, ಇಲ್ಲ ಆ ವ್ಯವಹಾರದಿಂದ್ಲೇ ಹೊರಗೆ ಹೋದ್ರೆ ಏನು ಗತಿ ಅಂತಲೂ ಯೋಚಿಸಿ. ಡಿಸ್ಕ್ ಪ್ಲೇಯರ್‌ಗಳಿಗೆ ಅಷ್ಟು ಹೆಸರಾಗಿದ್ದ ಒಪ್ಪೋ ಡಿಜಿಟಲ್ 2018ರಲ್ಲಿ ಹೊಸ ಪ್ಲೇಯರ್ ಮಾಡೋದು ನಿಲ್ಲಿಸ್ತು, ಜನ ಚೆನ್ನಾಗಿ ತಗೋತಿದ್ದಾಗ್ಲೇ.

ಡಿಜಿಟಲ್ ಇನ್‌ಪುಟ್ ಇದೆಯಾ ನೋಡಿ. ಇವತ್ತಿನ ಹೊಸ ಪ್ಲೇಯರ್‌ಗಳಲ್ಲಿ ಬಹಳಷ್ಟಕ್ಕೆ ಇರತ್ತೆ, ಇದು ನಾಳೆಯ ಇನ್ಶೂರೆನ್ಸ್, ಲೇಸರ್ ಸತ್ತರೂ ಡ್ಯಾಕ್ ಆಗಿ ಬಳಸ್ಕೋಬಹುದು. ಹಳೇ ಪ್ಲೇಯರ್‌ಗಳಲ್ಲಿ ಔಟ್ ಮಾತ್ರ ಇರೋದೇ ಜಾಸ್ತಿ.

ಇವೆರಡರ ಮಧ್ಯದಲ್ಲಿ ಅಂಗಡಿಯವರು ಕೇಳ್ಸೋಕೆ ಇಟ್ಟಿರೋ ಡೆಮೋ ಪೀಸ್ ಅಂತ ಒಂದಿದೆ, ಯಾಕೋ ಯಾರೂ ಇದನ್ನ ಕೇಳೋದೇ ಇಲ್ಲ. ವರ್ಷ ಒಂದೂವರೆ ವರ್ಷ ಹಳೇದು, ರೇಟು ಇಳಿದಿರತ್ತೆ, ವಾರಂಟಿ ಕೊಡಿಸ್ಕೋಬಹುದು. ನಂಗೆ ಗೊತ್ತಿರೋರಲ್ಲಿ ಒಳ್ಳೆ ವ್ಯಾಪಾರ ಆಗಿದ್ದು ಹೆಚ್ಚಾಗಿ ಹಿಂಗೇ.

ಸೌಂಡ್ ಬಗ್ಗೆ ಎರಡೇ ಮಾತು

ಕೇಳೇ ಕೇಳ್ತೀರಾ ಅಂತ ಗೊತ್ತು. ಸಿಡಿ 1982ರಿಂದ ಇವತ್ತಿನವರೆಗೂ 16 ಬಿಟ್, 44.1 ಕಿಲೋಹರ್ಟ್ಸ್, ಒಂದಂಗುಲ ಬದಲಾಗಿಲ್ಲ. ಚೆನ್ನಾಗಿ ಮಾಡಿದ ಹಳೇ ಪ್ಲೇಯರ್‌ಗೂ ಚೆನ್ನಾಗಿ ಮಾಡಿದ ಹೊಸದಕ್ಕೂ ಇರೋ ವ್ಯತ್ಯಾಸ ಸ್ಪೀಕರ್‌ನ ಗೋಡೆಯಿಂದ ಒಂದಡಿ ಮುಂದೆ ಎಳೆದ್ರೆ ಆಗೋ ವ್ಯತ್ಯಾಸಕ್ಕಿಂತ ಕಮ್ಮಿ ಅಂತ ನನ್ನ ಕಿವಿ ಹೇಳತ್ತೆ. ನಿಮ್ಮ ಕಿವಿ ಬೇರೆ ಹೇಳಿದ್ರೆ ಜಗಳ ಇಲ್ಲ. ಒಂದೇ ವಿಷ್ಯಕ್ಕೆ ಹಳೇದಕ್ಕೆ ಮಾರ್ಕ್ಸ್ ಕೊಡ್ತೀನಿ: 80ರ ದಶಕದ ಕೆಲವು ಡಿಸ್ಕ್‌ಗಳನ್ನ ಪ್ರೀ-ಎಂಫಸಿಸ್ ಅಂತ ಟ್ರೆಬಲ್ ಏರಿಸಿ ಮಾಡಿದಾರೆ, ಹಳೇ ಪ್ಲೇಯರ್ ಅದನ್ನ ಗುರುತಿಸಿ ತಾನೇ ಇಳಿಸತ್ತೆ, ಈಗಿನ ಕೆಲವು ಹೊರಗಿನ ಡ್ಯಾಕ್‌ಗಳು ಗಮನಿಸೋದೇ ಇಲ್ಲ, ಕಿವಿ ಚುಚ್ಚೋ ಹಂಗೆ ಕೇಳತ್ತೆ.

ಅಂದಹಾಗೆ ಟಿಡಿಎ1541ಎ ಕ್ರೌನ್ ಗುರುತಿನ (ಆರಿಸಿ ತೆಗೆದ ಮೇಲ್ದರ್ಜೆಯ) ಚಿಪ್ ಇದೆ ಅಂತ ಎಕ್ಸ್‌ಟ್ರಾ ದುಡ್ಡು ಕೇಳಿದ್ರೆ ಎರಡು ಸಲ ಯೋಚಿಸಿ, ಮಾಮೂಲಿ ಚಿಪ್ ಮೇಲೆ ಕ್ರೌನ್ ಅಚ್ಚು ಹಾಕಿ ಮಾರೋ ದಂಧೆ ಜೋರಾಗಿದೆ.

ಹೆಜ್ಜೆ 7: ಮನೆಗೆ ತರೋದು

ಸಾಧ್ಯ ಆದ್ರೆ ನೀವೇ ಹೋಗಿ ತನ್ನಿ. ಕೊರಿಯರ್ ಆದ್ರೆ ಒಳಗೆ ಡಿಸ್ಕ್ ಇರಬಾರದು, ಮ್ಯಾಗ್ನೆಟ್ ಬಿಲ್ಲೆ ಬೇರೆ ಸುತ್ತಿರ್ಬೇಕು, ಅಡಿಯಲ್ಲಿ ಟ್ರಾನ್ಸ್‌ಪೋರ್ಟ್ ಸ್ಕ್ರೂ ಇರೋ ಮಾಡೆಲ್ ಆದ್ರೆ ಅದನ್ನ ಬಿಗಿ ಮಾಡ್ಸಿ, ಡಬ್ಬದೊಳಗೆ ಡಬ್ಬ. ಬಂದ್ಮೇಲೆ ಆ ಸ್ಕ್ರೂ ಬಿಚ್ಚೋದು ಮರೀಬೇಡಿ, ಬಿಚ್ಚದೇ ಆನ್ ಮಾಡಿ ಕೆಟ್ಟೋಗಿದೆ ಅಂತ ಮಾರೋರ ಜೊತೆ ಜಗಳಕ್ಕೆ ಹೋಗಿ ಮುಖ ಭಂಗ ಆದೋರನ್ನ ನೋಡಿದೀನಿ. ತಣ್ಣಗಿನ ಜಾಗದಿಂದ ಬಂದಿದ್ರೆ ಒಂದೆರಡು ಗಂಟೆ ಹಾಗೇ ಬಿಡಿ, ಲೆನ್ಸ್ ಮೇಲೆ ಮಂಜು ಕೂತಿರತ್ತೆ. ವಾಪಸ್ ಕೊಡೋ ಅವಧಿ ಇದ್ರೆ ಆ ದಿನಗಳಲ್ಲೇ ಹೆಜ್ಜೆ 5 ಪೂರ್ತಿ ಇನ್ನೊಂದ್ ಸಲ ಮಾಡಿ.

ಬ್ರಷ್ ಅಂಟಿಸಿರೋ ಲೆನ್ಸ್ ಕ್ಲೀನರ್ ಡಿಸ್ಕ್ ನಾನಂತೂ ಹಾಕಲ್ಲ, ಅಷ್ಟು ಸ್ಪೀಡಲ್ಲಿ ಬ್ರಷ್ ಬಂದು ತಂತಿ ಮೇಲೆ ತೇಲೋ ಲೆನ್ಸ್‌ಗೆ ಹೊಡೆಯೋದು ನೆನೆಸ್ಕೊಂಡ್ರೇ ಮೈ ಜುಂ ಅನ್ನತ್ತೆ. ಇಯರ್ ಬಡ್‌ಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್, ಪ್ಲಗ್ ಕಿತ್ತು, ಒತ್ತದೇ ಮೆಲ್ಲಗೆ ಒಂದು ಸುತ್ತು, ಅಷ್ಟೇ.

ಹಳೇದು ತಗೊಂಡ್ರೆ ಅದೇ ವಾರ ಒಂದು ಸ್ಪೇರ್ ಪಿಕಪ್ ತಂದಿಟ್ಕೊಳಿ. ಸ್ಟ್ಯಾಟಿಕ್‌ಗೆ ಡಯೋಡ್ ಸಾಯತ್ತೆ, ಹಾಗಾಗಿ ಬೆಳ್ಳಿ ಬಣ್ಣದ ಕವರ್ ಬಿಚ್ಚಬೇಡಿ. ಎಷ್ಟೋ ಪಿಕಪ್‌ಗಳಲ್ಲಿ ಡಯೋಡ್ ಕಾಪಾಡೋಕೆ ಅಂತ ಫ್ಯಾಕ್ಟರಿಲೇ ಒಂದು ಸಣ್ಣ ಸೋಲ್ಡರ್ ಬೊಟ್ಟು ಹಾಕಿ ಶಾರ್ಟ್ ಮಾಡಿರ್ತಾರೆ, ಕೂರಿಸಿದ್ಮೇಲೆ ಅದನ್ನ ತೆಗೀಬೇಕು, ತೆಗೀದೇ ಹೊಸ ಲೇಸರೂ ಡೆಡ್ ಅಂತ ಎಸೆದೋರಿದಾರೆ. ನನ್ನ ಎರಡನೇ ಪ್ಲೇಯರೂ ಸೆಕೆಂಡ್ ಹ್ಯಾಂಡೇ, ಈ ಸಲ ಒಳಗಿರೋದು ಎಲ್ಲರೂ ಮೂಗು ಮುರಿಯೋ ಆ ಮಾಮೂಲಿ ಪಿಕಪ್ಪು, ಅದರ ಸ್ಪೇರು ಮೂರು ವರ್ಷದಿಂದ ಡ್ರಾಯರಲ್ಲಿ ಕವರ್ ಒಡೀದೆ ಮಲಗಿದೆ, ಚೀಟಿಯಲ್ಲಿ "ಬೊಟ್ಟು ತೆಗೀ" ಅಂತ ಬರ್ದು ಮೇಲೆ ಅಂಟಿಸಿದೀನಿ.